ಕೆರೆಯಾಚೆಯ ಹೊಲ
(ಪಕ್ಷಿ ವೀಕ್ಷಣಾ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಅಫಜಲಪುರ ತಾಲ್ಲೂಕಿನ ಅತನೂರಿನವನು. ಮಲೆನಾಡಿನ ನಿಮ್ಮೆದುರು ಕಾಡಿಲ್ಲದ ಸೀಮೆಯವನು ಹಕ್ಕಿಗಳ ಕುರಿತು ಮಾತನಾಡುವುದು ಸಂಕೋಚದ ಸಂಗತಿಯೇ. ಆದರೂ ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವುದು ನಮ್ಮ ಬಯಲುಸೀಮೆಯ ಕೆರೆಗಳಿಗೆ: ಸುರಪುರದ ಬೋನಾಳ, ಗದಗ ಜಿಲ್ಲೆಯ ಮಾಗಡಿ. ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆ-ನಸುಕುಗಳಲ್ಲಿ ಸುತ್ತಲಿನ ಹೊಲಗಳಿಗಿಳಿದು ಕಡಲೆ, ಶೇಂಗಾ ಮೇಯುತ್ತದೆ.

ಮಾಗಡಿಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು, ಸಂತೋಷ. ಮನ್ನಣೆ ಕೆರೆಗೆ, ಹಕ್ಕಿಯ ಉಣಿಸು ಮಾತ್ರ ರೈತನ ಹೊಲದಲ್ಲಿ! ದುರ್ಬೀನು ಹಿಡಿದು ತಲೆ ಎಣಿಸುವ ನಾವು ಆ ರೈತನನ್ನು ಮಾತನಾಡಿಸದೆಯೇ ಬಸ್ಸು ಹತ್ತುತ್ತೇವೆ. ಬರುವ ಜನವರಿಯ ಎಣಿಕೆಗೆ ಹೊರಡುವವರು ನೋಟುಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆದುಕೊಳ್ಳಿ: ಯಾರ ಹೊಲ, ಯಾವ ಬೆಳೆ, ಎಷ್ಟು ಹಾನಿ.