ವಾಯಿದಾ ವಹಿವಾಟಿನಲ್ಲಿ ನಕ್ಷೆಯ ಕಾಲಾವಧಿ



ರೂಪಾಯಿಯ ಕರೆನ್ಸಿ ವಾಯಿದಾ ವಹಿವಾಟಿಗೆ ಆಮದು, ರಫ್ತು ಮುಂತಾದ ನೈಜ ವಿದೇಶೀ ವಿನಿಮಯದ ಅಗತ್ಯವಿರಬೇಕೆಂಬ ರಿಸರ್ವ್ ಬ್ಯಾಂಕಿನ ನಿರ್ದೇಶನವು 2024ರ ಮೇ 3ರಂದು ಜಾರಿಗೆ ಬಂದಿತು. ಅಂತಹ ಅಗತ್ಯವುಳ್ಳವರಿಗಷ್ಟೇ ಈ ಮಾತುಗಳು.

ಡಾಲರ್-ರೂಪಾಯಿ ವಹಿವಾಟು ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನಡೆಯುತ್ತದೆ. ಈ ಅವಧಿಯನ್ನು ಐದು ನಿಮಿಷದ ನಕ್ಷೆಯು 96 ಭಾಗಗಳಾಗಿ ತೋರಿಸಿದರೆ, ಗಂಟೆಯ ನಕ್ಷೆಯು ಕೇವಲ 8 ಭಾಗಗಳಾಗಿ ತೋರಿಸುತ್ತದೆ. ಕರಾರೊಂದು 1,000 ಡಾಲರುಗಳದು. ದರ ಒಂದು ಪೈಸೆ ಸರಿದರೆ ಲಾಭವಾಗಲಿ ನಷ್ಟವಾಗಲಿ 10 ರೂಪಾಯಿ. ಐದು ನಿಮಿಷದ ನಕ್ಷೆಯಲ್ಲಿ ಬೆಟ್ಟದಂತೆ ಕಾಣುವ ಏರಿಳಿತವು ಅನೇಕ ವೇಳೆ ಒಂದೆರಡು ಪೈಸೆಯದು. ದಲ್ಲಾಳಿ ಶುಲ್ಕವೇ ಅದನ್ನು ನುಂಗಬಹುದು. ಆದುದರಿಂದ ಗಂಟೆಯ ನಕ್ಷೆಯಲ್ಲಿ ದಿಕ್ಕನ್ನರಿತು, ಹದಿನೈದು ನಿಮಿಷದ ನಕ್ಷೆಯಲ್ಲಿ ವೇಳೆಯನ್ನು ಗೊತ್ತುಪಡಿಸುವುದು ಲೇಸು. ನಷ್ಟ ಕಂಡೊಡನೆ ದಿನದ ನಕ್ಷೆಗೆ ಹಾರಿ ಸಮಾಧಾನ ಹುಡುಕುವವರುಂಟು. ಅಷ್ಟರಲ್ಲಿ ಗಂಟೆ ಐದಾಗಿರುತ್ತದೆ.