ಸ್ಪರ್ಧೆ ಮುಗಿಯುವ ತನಕ



ಸ್ಪರ್ಧೆ ಎಂದರೆ ರ‍್ಯಾಂಪ್ ಮೇಲಿನ ಎರಡು ನಿಮಿಷ ಎಂದು ನಾವು ತಿಳಿಯುತ್ತೇವೆ. 2024ರ ಮಾರ್ಚ್ 9ರಂದು ನಮ್ಮ ಮುಂಬಯಿಯ ಜಿಯೋ ವರ್ಲ್ಡ್ ಕನ್ವೆನ್ಶನ್ ಸೆಂಟರಿನಲ್ಲಿ 71ನೇ ಮಿಸ್ ವರ್ಲ್ಡ್ ಅಂತಿಮ ಸುತ್ತು ನಡೆಯಿತು. ಆ ಒಂದು ರಾತ್ರಿಗೆ ಮೊದಲು ಪ್ರತಿಭೆ, ಕ್ರೀಡೆ, ಸಮಾಜಸೇವೆ ಎಂದು ಎಷ್ಟೋ ದಿನಗಳ ಸುತ್ತುಗಳಿದ್ದವು. ಭಾರತದ ಪರವಾಗಿ ನಿಂತವರು ಮುಂಬಯಿಯಲ್ಲೇ ಹುಟ್ಟಿ, 2022ರಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿ ಮಿಸ್ ಇಂಡಿಯಾ ಆದ ನಮ್ಮ ಸಿನಿ ಶೆಟ್ಟಿ. ಭರತನಾಟ್ಯ ಕಲಿತ ಅವರು ಕೊನೆಯ ಎಂಟು ಮಂದಿಯಲ್ಲಿ ಒಬ್ಬರಾದರು.

ನಮ್ಮ ಸಂಘದ ಸ್ಪರ್ಧೆ ಅರ್ಧ ದಿನದ್ದು. ಆದರೂ ಲೆಕ್ಕ ಒಂದೇ. ಡೊಂಬಿವಲಿಯಿಂದ, ಭಾಂಡುಪ್‌ನಿಂದ ಲೋಕಲ್ ಹತ್ತಿ ಬರುವವರು ಸೀರೆಯನ್ನು ಬ್ಯಾಗಿನಲ್ಲಿ ತಂದು ಇಲ್ಲೇ ಉಡಿ. ಚಪ್ಪಲಿ ಹೊಸದಾದರೆ ವಾರ ಮೊದಲೇ ಮನೆಯಲ್ಲಿ ಹಾಕಿ ನಡೆಯಿರಿ. ತಿಂಡಿ ಬಿಡಬೇಡಿ, ಲೈಟಿನ ಕೆಳಗೆ ತಲೆ ಸುತ್ತೀತು. ಪರದೆಯ ಹಿಂದೆ ಕಾಯುವಾಗಲೂ ನೋಡುವ ಕಣ್ಣುಗಳಿರುತ್ತವೆ. ಪಕ್ಕದವಳ ಸೆರಗಿನ ಪಿನ್ನು ಬಿಚ್ಚಿದ್ದರೆ ಹಾಕಿಕೊಡಿ, ಮೈಕಿನ ಹುಡುಗನ ಮೇಲೆ ರೇಗಬೇಡಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಒಂದು ಉಸಿರು ಎಳೆದುಕೊಂಡು, ಮನೆಯಲ್ಲಿ ಆಡುವ ಕನ್ನಡದಲ್ಲೇ ಎರಡು ಮಾತು ಹೇಳಿ. ಬಾಯಿಪಾಠ ಮಾಡಿದ ಇಂಗ್ಲಿಷ್ ನಡುವೆ ಮರೆತುಹೋದರೆ ಮುಖವೇ ಬಾಡುತ್ತದೆ.

ಎಲ್ಲಕ್ಕಿಂತ ಕಷ್ಟದ ಸುತ್ತು ಫಲಿತಾಂಶದ್ದು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಐಶ್ವರ್ಯಾ ರೈ 1994ರ ಮಿಸ್ ಇಂಡಿಯಾ ಸ್ಪರ್ಧೆಯಲ್ಲಿ ಎರಡನೆಯವರು; ಕಿರೀಟ ಸುಶ್ಮಿತಾ ಸೇನ್ ಅವರದಾಯಿತು. ಅದೇ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ಮಿಸ್ ವರ್ಲ್ಡ್ ಆದರು. ಎರಡನೆಯ ಸ್ಥಾನ ಅವರ ದಾರಿ ಮುಚ್ಚಲಿಲ್ಲ. ಹಾಗಾಗಿ ನಿಮ್ಮ ಹೆಸರು ಕರೆಯದಿದ್ದರೂ ತಲೆ ಎತ್ತಿಯೇ ನಿಲ್ಲಿ, ಗೆದ್ದವಳಿಗೆ ಮನಸಾರೆ ಚಪ್ಪಾಳೆ ತಟ್ಟಿ.

ಕೊನೆಗೆ ತಾಯಂದಿರಲ್ಲಿ ಒಂದು ವಿನಂತಿ. "ಸ್ವಲ್ಪ ಬೆಳ್ಳಗಿದ್ದಿದ್ದರೆ ಗೆಲ್ಲುತ್ತಿದ್ದೆ", "ಇನ್ನೂ ಸಪೂರ ಆಗಬೇಕಿತ್ತು" ಎನ್ನಬೇಡಿ. ಆ ಮಾತು ಕೇಳಿದ ಹುಡುಗಿ ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ನಾಳೆ ಕೆಲಸದ ಇಂಟರ್‌ವ್ಯೂಗೆ ಹೋದಾಗಲೂ ಅದೇ ಅವಳ ಕಿವಿಯಲ್ಲಿರುತ್ತದೆ. "ಚೆನ್ನಾಗಿ ಮಾತಾಡಿದೆ ಮಗಾ" ಎಂದು ಬೆನ್ನು ತಟ್ಟಿದರೆ ಸಾಕು.

ಸ್ಪರ್ಧಿಗಳೆಲ್ಲರಿಗೂ ಶುಭವಾಗಲಿ.