ಹತ್ತಿಯ ಬೆಲೆ, ಮನುಷ್ಯನ ಬೆಲೆ

(ಬೈಲಹೊಂಗಲದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಎರೆಭೂಮಿ ಹತ್ತಿಗೆ ಹೆಸರಾದುದು. ಈ ಹತ್ತಿಗೂ ಅಮೆರಿಕದ ಅಂತರ್ಯುದ್ಧಕ್ಕೂ ನಂಟಿದೆಯೆಂದರೆ ತಮಗೆ ಆಶ್ಚರ್ಯವಾದೀತು. 1860ರಲ್ಲಿ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಇಂಗ್ಲೆಂಡಿನ ಗಿರಣಿಗಳು ನೂಲುತ್ತಿದ್ದ ಹತ್ತಿಯ ಬಹುಪಾಲು ಅವರ ಬೆವರಿನದು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದೇ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರನಡೆದವು. 1861ರಿಂದ 1865ರ ವರೆಗೆ ನಡೆದ ಯುದ್ಧ ಆರು ಲಕ್ಷಕ್ಕೂ ಅಧಿಕ ಜೀವಗಳನ್ನು ನುಂಗಿತು.

ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ವಿಧಿಸಿದಾಗ ಮ್ಯಾಂಚೆಸ್ಟರಿನ ವರ್ತಕರ ದೃಷ್ಟಿ ಇತ್ತ ಹೊರಳಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿಸಲಾಗಿತ್ತು. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ಎತ್ತಿನ ಗಾಡಿಗಳು ಘಟ್ಟವಿಳಿದು ಕುಮಟಾ ಬಂದರು ಸೇರುತ್ತಿದ್ದವು. ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದೊಡನೆ ಅದು ಕುಸಿದು, ಮುಂಬಯಿಯ ಸಾಹುಕಾರರೇ ದಿವಾಳಿಯೆದ್ದರು.

ಆ ನಾಲ್ಕು ವರ್ಷ ಲಾಭ ಎಣಿಸಿದ ನಮ್ಮೂರ ರೈತನಿಗೆ ಆ ಬೆಲೆಯ ಹಿಂದೆ ಯಾರ ಸಂಕೋಲೆಯಿತ್ತೆಂದು ತಿಳಿದಿರಲಾರದು. ನಮಗೆ ಆ ನೆಪವಿಲ್ಲ.

ಹಝ್ರತ್ ಅಬೂಬಕರ್(ರ) ಹಣ ತೆತ್ತು ಬಿಲಾಲ್(ರ)ರನ್ನು ಬಿಡುಗಡೆಗೊಳಿಸಿದುದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ ಕಿತ್ತೂರಿನಿಂದ ಬಹುದೂರವೇನಿಲ್ಲದ ಹಳಿಯಾಳದ ಕಾಡಂಚಿಗೊಮ್ಮೆ ಹೋಗಿಬನ್ನಿ. ಅಲ್ಲಿನ ಸಿದ್ದಿಗಳ ಪೂರ್ವಿಕರನ್ನು ಆಫ್ರಿಕದಿಂದ ಗುಲಾಮರನ್ನಾಗಿ ತಂದವರಲ್ಲಿ ಪೋರ್ಚುಗೀಸರಷ್ಟೇ ಅಲ್ಲ, ಅರಬ್ ವರ್ತಕರೂ ಇದ್ದರು. ಇದನ್ನು ಮುಚ್ಚಿಟ್ಟರೆ ಇಸ್ಲಾಮಿನ ಗೌರವವೇನೂ ಹೆಚ್ಚುವುದಿಲ್ಲ. ಸಿದ್ದಿಗಳಲ್ಲಿ ಅನೇಕರು ಮುಸ್ಲಿಮರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ನಮಾಝಿನಲ್ಲಿ ಅವರ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಾವು, ಅವರ ಮನೆಯ ಹೆಣ್ಣನ್ನು ಸೊಸೆಯಾಗಿ ತರಲು ಸಿದ್ಧರಿದ್ದೇವೆಯೇ?

ಜೀತಪದ್ಧತಿಯನ್ನು ಕಾನೂನು 1976ರಲ್ಲೇ ರದ್ದುಗೊಳಿಸಿತು. ಮುಂಗಡ ಹಣ ಮಾತ್ರ ಉಳಿದುಕೊಂಡಿದೆ. ಇಟ್ಟಿಗೆ ಭಟ್ಟಿಗಳನ್ನೂ ಕಬ್ಬಿನ ಗದ್ದೆಗಳನ್ನೂ ಬೆರಳು ಮಾಡಿ ತೋರಿಸುವುದು ಸುಲಭ. ನಮ್ಮ ಅಂಗಡಿ, ಗ್ಯಾರೇಜುಗಳಲ್ಲಿ ತಂದೆ ಪಡೆದ ಸಾಲಕ್ಕೆ ಮಗ ದುಡಿಯುತ್ತಿಲ್ಲವೇ?

ಝಕಾತಿನ ಎಂಟು ಬಾಬ್ತುಗಳಲ್ಲಿ ದಾಸ್ಯ ವಿಮೋಚನೆಗೂ ಸಾಲಗಾರರಿಗೂ ಪಾಲಿದೆ. ರಮಝಾನಿನಲ್ಲಿ ಸೀರೆ ಹಂಚುವುದಕ್ಕೇ ಲೆಕ್ಕ ಮುಗಿಸುವ ಬದಲು, ಪ್ರತಿ ಜಮಾಅತ್ ಈ ವರ್ಷ ಸಾಲದಲ್ಲಿ ಸಿಲುಕಿದವರಿಗಾಗಿ ಒಂದು ಮೊತ್ತ ತೆಗೆದಿಡಲಿ. ಅದಕ್ಕೂ ಮುನ್ನ ಹೀಗೆ ದುಡಿಯುವ ಹುಡುಗರ ಪಟ್ಟಿಯೊಂದನ್ನು ಸಿದ್ಧಪಡಿಸಿ. ಅದರಲ್ಲಿ ಮಾಲೀಕರ ಹೆಸರೂ ಇರಲಿ.